ಗುಂಡಿ ಬರೆದ ಮುಖಗಳು

ಮೂರು ವರ್ಷದವಳಿದ್ದಾಗ ಯಾರದೋ ಅಂಗಿಯ ಗುಂಡಿಯೊಂದನ್ನು ನುಂಗಿ, ಅದು ಹೊರಗೆ ಬರುವ ತನಕ ಎರಡು ದಿನ ಇಡೀ ಬೀದಿಯನ್ನು ಕಾಯಿಸಿದ್ದರಿಂದ ಆ ಹುಡುಗಿಗೆ ಗುಂಡಿ ಎಂಬ ಹೆಸರು ಬಿತ್ತು. ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿತ್ತು, ನಿಜ. ಆದರೆ ಹಾಜರಿ ಕರೆಯುವಾಗ ಆ ಹೆಸರು ಬಂದರೆ ಅವಳೇ ಅತ್ತಿತ್ತ ತಿರುಗಿ, ಅದ್ಯಾರಪ್ಪ ಎಂದು ನೋಡುತ್ತಿದ್ದಳು.

ಅಪ್ಪ ಅಮ್ಮ ಇಬ್ಬರೂ ಸರಕು ಹಡಗೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ವರ್ಷಕ್ಕೊಂದು ತಿಂಗಳು ಬಂದು, ಮಗಳನ್ನು ಹೊಟ್ಟೆ ತುಂಬ ಮುದ್ದಾಡಿ ಹೋಗುತ್ತಿದ್ದರು. ಉಳಿದ ಹನ್ನೊಂದು ತಿಂಗಳು ಅವಳು ದೊಡ್ಡಮ್ಮನ ಪಾಲು. ದೊಡ್ಡಮ್ಮನದು ಇಸ್ತ್ರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಬೆಳಿಗ್ಗೆ ಏಳಕ್ಕೆ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಳೆಂದರೆ ಮಧ್ಯಾಹ್ನದ ಊಟಕ್ಕೂ ಕೂರುತ್ತಿರಲಿಲ್ಲ, ಮೇಜಿನ ಮೂಲೆಯಲ್ಲಿ ತಟ್ಟೆಯಿಟ್ಟುಕೊಂಡು ನಿಂತೇ ಉಣ್ಣುತ್ತಿದ್ದಳು. ಬಟ್ಟೆ ಸುತ್ತಿ ಕೊಡಲು ತರಿಸುತ್ತಿದ್ದ ಕಂದು ಕಾಗದದ ಹಾಳೆಗಳ ಮೇಲೆ ಗುಂಡಿ ಚಿತ್ರ ಬರೆಯುತ್ತ ಬೆಳೆದಳು. ಗಿರಾಕಿಗಳು ಮನೆಗೆ ಹೋಗಿ ಕಟ್ಟು ಬಿಚ್ಚಿದರೆ ಒಳಗೆ ಅಂಗಿ, ಹೊರಗೆ ಬೆಕ್ಕು. ಕೆಲವರು ಬೆಕ್ಕಿಗಾಗಿಯೇ ಕಾಗದ ಎತ್ತಿಟ್ಟುಕೊಂಡಿದ್ದರಂತೆ.

ಚಿತ್ರಕಲಾ ಕಾಲೇಜಿಗೆ ಸೇರುತ್ತೇನೆ ಎಂದು ಅವಳು ಹೇಳಿದ ದಿನ ದೊಡ್ಡಮ್ಮ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಅವಳನ್ನೇ ನೋಡಿದಳು.

"ಚಿತ್ರ ಕಲಿಯೋಕೆ ನಾಲ್ಕು ವರ್ಷ ಬೇಕೇನೇ? ನಾಲ್ಕು ವರ್ಷದಲ್ಲಿ ಮನೆಗೆ ಸುಣ್ಣ ಬಳಿದು, ಒಣಗಿ, ಉದುರಿ, ಮತ್ತೆ ಬಳಿಯೋ ಕಾಲ ಬಂದುಬಿಡುತ್ತೆ."

"ನಾಲ್ಕೂ ಸಾಲಲ್ಲ ಅಂತಾರೆ ದೊಡ್ಡಮ್ಮ."

"ಹಾಗಾದ್ರೆ ಬೇಗ ಸೇರು. ತಡ ಮಾಡಿದ್ರೆ ಕಲಿಯೋ ಹೊತ್ತಿಗೆ ಮುದುಕಿ ಆಗಿರ್ತೀಯ," ಎಂದು ದೊಡ್ಡಮ್ಮ ಮತ್ತೆ ಪೆಟ್ಟಿಗೆ ಎತ್ತಿಕೊಂಡಳು. ಅಷ್ಟಕ್ಕೆ ಮಾತು ಮುಗಿಯಿತು.

ಕಾಲೇಜಿನಲ್ಲಿ ರೇಖಾಚಿತ್ರ ಕಲಿಸುತ್ತಿದ್ದವರು ಕಡ್ಡಿಯಂಥ ಮೈಕಟ್ಟಿನ, ಕೋಪ ಮೂಗಿನ ತುದಿಯಲ್ಲೇ ಇರುವ ಮೇಷ್ಟ್ರು. ಮೊದಲ ದಿನವೇ ತಗಡಿನ ಡಬ್ಬಿಯೊಂದನ್ನು ಹಿಡಿದು ಬಂದು, ಎಲ್ಲರ ರಬ್ಬರುಗಳನ್ನೂ ಅದರಲ್ಲಿ ಹಾಕಿಸಿಕೊಂಡು ಬೀಗ ಜಡಿದರು. "ತಪ್ಪು ಗೆರೆ ಇದ್ದಲ್ಲೇ ಇರಲಿ. ಅದರ ಪಕ್ಕದಲ್ಲಿ ಸರಿ ಗೆರೆ ಎಳೀರಿ. ತಪ್ಪು ಕಣ್ಣೆದುರಿಗೆ ಇದ್ರೇನೇ ನಾಚಿಕೆ ಬರೋದು," ಎಂದರು. ಅಂದಿನಿಂದ ಅವರು ರಬ್ಬರ್ ಮೇಷ್ಟ್ರು.

ಗುಂಡಿಗೆ ಕೈ ಚೆನ್ನಾಗಿತ್ತು. ಹೂಜಿ, ಕುರ್ಚಿ, ಕಿಟಕಿ, ಕಿತ್ತುಹೋದ ಬೂಟು, ಏನು ಕೊಟ್ಟರೂ ಬರೆದು ಸೈ ಎನ್ನಿಸಿಕೊಳ್ಳುತ್ತಿದ್ದಳು. ತೊಡಕು ಶುರುವಾದದ್ದು ಎರಡನೇ ವರ್ಷ, ಮನುಷ್ಯರನ್ನು ಕೂರಿಸಿ ಬರೆಸುವ ತರಗತಿಯಲ್ಲಿ. ಮೊದಲು ಕೂತವನು ಕಾಲೇಜಿನ ಕಾವಲುಗಾರ. ಎರಡೂ ಕೆನ್ನೆ ತುಂಬುವ ಪೊದೆ ಮೀಸೆ, ಚಪ್ಪಟೆ ಮೂಗು. ಎರಡು ಗಂಟೆ ಕಳೆದ ಮೇಲೆ ಮೇಷ್ಟ್ರು ಒಂದೊಂದೇ ಫಲಕ ನೋಡುತ್ತ ಬಂದು ಗುಂಡಿಯ ಹಿಂದೆ ನಿಂತರು. ಬಹಳ ಹೊತ್ತು ನಿಂತರು.

"ಮೀಸೆ ಕಾವಲುಗಾರನದ್ದೇ, ಒಪ್ಪಿದೆ," ಎಂದರು. "ಮೀಸೆ ಹಿಂದೆ ಇರೋದು ಯಾರು?"

ಗುಂಡಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಅಗಲ ಹಣೆ, ಒತ್ತಿ ಹಿಡಿದ ತುಟಿ, ಚೂಪು ಗಲ್ಲ. ಮೀಸೆ ಅಂಟಿಸಿಕೊಂಡು ಕೂತ ದೊಡ್ಡಮ್ಮ!

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾವಲುಗಾರನೂ ಎದ್ದು ಬಂದು ನೋಡಿ, "ನನ್ನ ಅಕ್ಕನ ಥರ ಇದೆ," ಎಂದು ಸಮಾಧಾನ ಹೇಳಿದ. ಮರುವಾರ ಹಣ್ಣಿನ ಅಂಗಡಿಯ ಹುಡುಗಿ ಕೂತಳು. ಹದಿನೆಂಟರ ದೊಡ್ಡಮ್ಮ ಬಂದಳು. ಅದರ ಮುಂದಿನ ವಾರ ಬೋಳು ತಲೆಯ ನಿವೃತ್ತ ಗುಮಾಸ್ತರು ಕೂತರು. ಬೋಳು ತಲೆಯ ದೊಡ್ಡಮ್ಮ ಬಂದಳು. ಗುಂಡಿ ತಲೆ ಕೆರೆದುಕೊಂಡಳು, ಅತ್ತಳು, ಇದ್ದಿಲು ಕಡ್ಡಿ ಮುರಿದಳು. ಏನು ಮಾಡಿದರೂ ಅವಳ ಕೈ ತನಗೆ ಗೊತ್ತಿದ್ದ ಆ ಒಂದೇ ಮುಖದ ದಾರಿ ಹಿಡಿದು ಮನೆಗೆ ಹೋಗಿಬಿಡುತ್ತಿತ್ತು.

ಕೊನೆಗೆ ಮೇಷ್ಟ್ರು, "ಯಾರಮ್ಮ ಇವರು?" ಎಂದು ಕೇಳಿದರು.

"ನಮ್ಮ ದೊಡ್ಡಮ್ಮ, ಸಾರ್."

"ಅವರನ್ನೇ ಕರ್ಕೊಂಡು ಬಾ. ಒಂದು ಸಲ ನೆಟ್ಟಗೆ ನೋಡಿ ಮುಗಿಸಿಬಿಡೋಣ."

ಗುರುವಾರ ಇಸ್ತ್ರಿ ಅಂಗಡಿಗೆ ರಜೆ. ದೊಡ್ಡಮ್ಮ ಮೊದಲು ಮೂಗು ಮುರಿದಳು. ಸುಮ್ಮನೆ ಕೂರುವುದೇ ಕೆಲಸ, ಅದಕ್ಕೆ ಸಂಬಳ ಬೇರೆ ಕೊಡುತ್ತಾರೆ ಎಂದಾಗ, ಇದರಲ್ಲೇನೋ ಮೋಸವಿದೆ ಎಂದಳು. ಆದರೂ ಗರಿಗರಿ ಇಸ್ತ್ರಿ ಮಾಡಿದ ನೀಲಿ ನಿಲುವಂಗಿ ತೊಟ್ಟು ಬಂದು, ಎತ್ತರದ ಹಲಗೆಯ ಮೇಲಿನ ಕುರ್ಚಿಯಲ್ಲಿ ಕೂತಳು. ಐದು ನಿಮಿಷಕ್ಕೆ ಚಡಪಡಿಕೆ ಶುರುವಾಯಿತು.

"ಮೇಷ್ಟ್ರೇ, ಕೈಗೆ ಏನಾದ್ರೂ ಕೊಡಿ. ಖಾಲಿ ಕೈಲಿ ಕೂತ್ರೆ ನನಗೇ ಏನೋ ಆಗಿದೆ, ಎಲ್ಲ ನೋಡೋಕೆ ಬಂದಿದಾರೆ ಅನ್ನಿಸುತ್ತೆ."

ಮೇಷ್ಟ್ರ ಮುಖದಲ್ಲಿ ನಗು ಕಂಡದ್ದು ಆ ವರ್ಷ ಅದೇ ಮೊದಲು. ಬಣ್ಣ ಒರೆಸುವ ಒಂದು ಬಟ್ಟೆ ತಂದುಕೊಟ್ಟರು. ದೊಡ್ಡಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ತಟ್ಟಿ ಸರಿಮಾಡಿದಳು. ಆಮೇಲೆ, ಹಗಲು ಹೊತ್ತಿನಲ್ಲಿ ಕೂತು ಅಭ್ಯಾಸವೇ ಇಲ್ಲದ ಆ ಹೆಂಗಸು, ಇಪ್ಪತ್ತು ಜನ ಕಣ್ಣಿಟ್ಟು ನೋಡುತ್ತಿರುವಾಗಲೇ ನಿದ್ದೆ ಹೋದಳು. ಸಣ್ಣಗೆ ಗೊರಕೆಯೂ ಬಂತು.

ಹತ್ತೊಂಬತ್ತು ಕಡ್ಡಿಗಳು ಸರಸರ ಓಡತೊಡಗಿದವು. ಗುಂಡಿಯದೊಂದು ಓಡಲಿಲ್ಲ. ಕಣ್ಣು ಮುಚ್ಚಿಕೊಂಡರೂ ಬರೆಯಬಲ್ಲೆ ಎಂದುಕೊಂಡಿದ್ದ ಮುಖ ಎದುರಿಗೇ ಇತ್ತು, ಅವಳು ಬರೆಯುತ್ತಿದ್ದ ಮುಖಕ್ಕೂ ಇದಕ್ಕೂ ಹೊಂದಿಕೆಯೇ ಇರಲಿಲ್ಲ. ಬಲಗಣ್ಣಿನ ರೆಪ್ಪೆ ಎಡದ್ದಕ್ಕಿಂತ ಜೋತಿತ್ತು. ಒತ್ತಿ ಹಿಡಿಯದ ತುಟಿಗಳು ಮಕ್ಕಳ ತುಟಿಗಳಂತೆ ಮೆತ್ತಗಿದ್ದವು. ಗಲ್ಲ ಚೂಪಾಗಿರಲೇ ಇಲ್ಲ. ಅದರ ಕೆಳಗೆ ಇನ್ನೊಂದು ಪುಟ್ಟ ಗಲ್ಲ ಬಂದು ಎಷ್ಟು ವರ್ಷವಾಗಿತ್ತೋ! ಉಗಿ ತಾಗಿ ತಾಗಿ ಕಿವಿಯ ಬಳಿಯ ಕೂದಲು ಗುಂಗುರಾಗಿ ಬೆಳ್ಳಗಾಗಿತ್ತು. ಗುಂಡಿ ಇಷ್ಟು ದಿನ ಬರೆಯುತ್ತಿದ್ದುದು ತಾನು ಐದು ವರ್ಷದವಳಿದ್ದಾಗ ಮೇಜಿನ ಕೆಳಗಿನಿಂದ ತಲೆಯೆತ್ತಿ ನೋಡಿದ ಮುಖವನ್ನು. ಅದಾದ ಮೇಲೆ ಅವಳು ನೋಡಿಯೇ ಇರಲಿಲ್ಲ.

ಗುಂಡಿ ಕಡ್ಡಿ ಎತ್ತಿಕೊಂಡಳು. ಕೈ ಹಳೆಯ ದಾರಿಗೆ ಎಳೆದಾಗೆಲ್ಲ ನಿಲ್ಲಿಸಿ, ಮತ್ತೆ ನೋಡಿ, ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದಳು. ಹಾಳೆ ಗೆರೆಗಳ ಕಾಡಾಯಿತು. ಕಾಡಿನ ನಡುವೆ ಒಂದು ರೆಪ್ಪೆ ಮಾತ್ರ ಸರಿಯಾಗಿ ಬಂತು. ಮೇಷ್ಟ್ರು ಬಂದು ಆ ರೆಪ್ಪೆಯ ಕೆಳಗೆ ಬೆರಳಿಟ್ಟು, "ಇಲ್ಲಿಂದ ಶುರು," ಎಂದಷ್ಟೇ ಹೇಳಿ ಮುಂದೆ ಹೋದರು.

ವಿರಾಮದಲ್ಲಿ ದೊಡ್ಡಮ್ಮ ಎಚ್ಚರಗೊಂಡು, ನಿದ್ದೆಯೇ ಮಾಡಿಲ್ಲವೆಂದು ಸಾಧಿಸಿ, ಎಲ್ಲರ ಹಾಳೆಗಳನ್ನು ನೋಡಲು ಹೊರಟಳು. ಮುಖಗಳ ಬಗ್ಗೆ ಅವಳದು ಚಕಾರವಿಲ್ಲ. ಆದರೆ ಮುಂದಿನ ಸಾಲಿನ ಜಾಣನೊಬ್ಬನ ಫಲಕದ ಮುಂದೆ ನಿಂತು ಬೆರಳು ತೋರಿಸಿದಳು.

"ಏನಪ್ಪಾ, ನನ್ನ ತೋಳಿನ ಮೇಲೆ ಇದೇನು, ಹುಳಾನಾ?"

"ಬಟ್ಟೆಯ ಮಡಿಕೆ, ಅಮ್ಮ."

"ಇದು ಹತ್ತಿ ಬಟ್ಟೆ ಕಣಪ್ಪ. ಹತ್ತಿ ಹೀಗೆ ಬಳುಕಲ್ಲ, ಮುರಿಯುತ್ತೆ. ಇಲ್ಲಿ ಮೊಣಕೈ ಎಳೀತಿದೆ ನೋಡು, ಅದಕ್ಕೇ ಇಲ್ಲಿ ಸುಕ್ಕು. ಎಳೆತ ಇಲ್ಲದ ಕಡೆ ಸುಕ್ಕು ಯಾಕೆ ಬರುತ್ತೆ? ನೀನು ಬರೆದಿರೋ ಹಾಗೆ ಬಳುಕಬೇಕಾದ್ರೆ ನಾನು ರೇಷ್ಮೆ ಉಟ್ಕೊಂಡು ಬರಬೇಕಿತ್ತು. ಹೇಳಿದ್ರೆ ತರ್ತಿದ್ದೆ, ಗಿರಾಕಿಗಳದ್ದು ಬೇಕಾದಷ್ಟಿದೆ."

ರಬ್ಬರ್ ಮೇಷ್ಟ್ರು ಈಗ ಸಿಡಿಯುತ್ತಾರೆ ಎಂದುಕೊಂಡಳು ಗುಂಡಿ. ಮೇಷ್ಟ್ರು ಮೂಲೆಯ ಪೆಟ್ಟಿಗೆಯಿಂದ ಬಟ್ಟೆಗಳ ರಾಶಿಯನ್ನೇ ಹೊತ್ತು ತಂದು ಮೇಜಿನ ಮೇಲೆ ಸುರಿದು, "ಎಲ್ಲರೂ ಹತ್ತಿರ ಬನ್ನಿ," ಎಂದರು. "ಅಮ್ಮ, ಉಣ್ಣೆ ಹೇಗೆ ಬೀಳುತ್ತೆ ಹೇಳಿ."

ಆ ಗುರುವಾರದ ಉಳಿದ ಪಾಠ ಮಾಡಿದ್ದು ದೊಡ್ಡಮ್ಮ. ಮುಂದಿನ ಗುರುವಾರವೂ ಅವಳೇ. ತಿಂಗಳೊಳಗೆ ಕಾಲೇಜಿನಿಂದ ಪತ್ರ ಬಂತು, ವಾರಕ್ಕೊಂದು ದಿನ ಬಂದು ಕೂರಬೇಕು, ಜೊತೆಗೆ ಮಡಿಕೆಗಳ ವಿಷಯವಾಗಿ ಮಾತಾಡಬೇಕು ಎಂದು. ಅಂಚೆಯಲ್ಲಿ ಪತ್ರ ಸುಕ್ಕಾಗಿತ್ತೆಂದು ದೊಡ್ಡಮ್ಮ ಅದಕ್ಕೂ ಹಗುರವಾಗಿ ಇಸ್ತ್ರಿ ಹಾಕಿ ಗೋಡೆಗೆ ತೂಗಿಸಿದಳು. ಗುಂಡಿ ಎರಡು ವರ್ಷದಲ್ಲಿ ಅವಳನ್ನು ಎಂಬತ್ತು ಸಲವಾದರೂ ಬರೆದಿರಬೇಕು. ಅಷ್ಟರಲ್ಲಿ ಕಾವಲುಗಾರ ಕಾವಲುಗಾರನಂತೆ ಬರತೊಡಗಿದ್ದ, ಗುಮಾಸ್ತರು ಗುಮಾಸ್ತರಂತೆ.

ಪದವಿ ಬಂತು. ಪದವಿಯ ಬೆನ್ನಿಗೇ ಕೆಲಸ ಬರಲಿಲ್ಲ. ಗ್ಯಾಲರಿಗಳಿಗೆ ಚಿತ್ರ ಹೊತ್ತುಕೊಂಡು ಹೋದರೆ, "ನೋಡೋಣ" ಎನ್ನುತ್ತಿದ್ದರು. ನೋಡೋಣ ಎಂದರೆ ನೋಡುವುದಿಲ್ಲ ಎಂದರ್ಥ ಎಂಬುದು ಅವಳಿಗೆ ಗೊತ್ತಾಗುವ ಹೊತ್ತಿಗೆ ಎರಡು ಜೊತೆ ಚಪ್ಪಲಿ ಸವೆದಿದ್ದವು. ಕೊನೆಗೆ ಗೊಂಬೆ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಗೊಂಬೆಗಳಿಗೆ ಕಣ್ಣು ಬರೆಯುವುದು. ಎರಡೂ ಅಲ್ಲ, ಎಡಗಣ್ಣು ಮಾತ್ರ. ಕೆಲಸ ಬೇಗ ಸಾಗಲೆಂದು ಯಜಮಾನರು ಹಾಗೆ ಹಂಚಿದ್ದರು. ಉದ್ದನೆಯ ಮೇಜಿನಲ್ಲಿ ಗೊಂಬೆ ಇವಳಿಂದ ಮುಂದೆ ಸರಿದರೆ ಪಕ್ಕದವನು ಬಲಗಣ್ಣು ಬರೆಯುತ್ತಿದ್ದ.

ಬಲಗಣ್ಣಿನವನು ಮಾತು ಕಡಿಮೆಯ, ಎತ್ತರದ ಮನುಷ್ಯ. ಏನು ಕೇಳಿದರೂ ಹೂಂ ಇಲ್ಲ, ಉಹೂಂ ಇಲ್ಲ. ಮೂರನೇ ದಿನ ಮೇಲ್ವಿಚಾರಕಿ ಒಂದು ಬುಟ್ಟಿ ಗೊಂಬೆ ತಂದು ಇಬ್ಬರ ಮುಂದೆ ಸುರಿದಳು. "ನೋಡಿ, ಒಂದು ಕಣ್ಣು ಮದುವೆ ಮನೇಲಿದೆ, ಇನ್ನೊಂದು ಸಾವಿನ ಮನೇಲಿದೆ. ಮಕ್ಕಳು ಹೆದರ್ಕೋತಾರೆ. ನೀವಿಬ್ರೂ ಏನಾದ್ರೂ ಮಾತಾಡ್ಕೊಳ್ಳಿ."

ಹಾಗೆ ಅವರು ಮಾತಾಡಿಕೊಳ್ಳಬೇಕಾಯಿತು. ಬೆಳಿಗ್ಗೆ ಕೂತ ಕೂಡಲೇ ಅವನು ಗಂಭೀರವಾಗಿ, "ಇವತ್ತು ಹೇಗೆ?" ಎಂದು ಕೇಳುತ್ತಿದ್ದ. "ಸ್ವಲ್ಪ ತುಂಟತನ," ಎನ್ನುತ್ತಿದ್ದಳು ಇವಳು. ಆ ದಿನ ಮುನ್ನೂರು ಗೊಂಬೆಗಳೂ ತುಂಟ ಕಣ್ಣು ಬಿಡುತ್ತಿದ್ದವು. ಅವನೂ ಬಿಡುವಿನಲ್ಲಿ ಮರದ ಹಕ್ಕಿಗಳನ್ನು ಕೆತ್ತುತ್ತಾನೆ ಎಂಬುದು ಆರು ತಿಂಗಳಿಗೆ ಹೊರಬಿತ್ತು. ಒಂದು ದಿನ ಅವನು, "ಇವತ್ತು ಹೇಗೆ?" ಎಂದಾಗ ಗುಂಡಿ ಕುಂಚ ಕೆಳಗಿಟ್ಟು, "ಇವತ್ತು ನೀವೇ ಹೇಳಿ," ಎಂದಳು. ಅವನು ಕಿವಿಯ ತುದಿಯವರೆಗೆ ಕೆಂಪಾದ. ಅಂದಿನ ಗೊಂಬೆಗಳೆಲ್ಲ ನೆಲ ನೋಡುತ್ತಿದ್ದವೆಂದು ಮೇಲ್ವಿಚಾರಕಿ ಮತ್ತೆ ಬೈದಳು. ವರ್ಷದೊಳಗೆ ಮದುವೆಯಾಯಿತು. ದೊಡ್ಡಮ್ಮ ಅವನ ಅಂಗಿಯ ಕಾಲರನ್ನು ಮುಟ್ಟಿ ನೋಡಿ, "ಇಸ್ತ್ರಿ ಯಾರು ಮಾಡಿದ್ದು?" ಎಂದು ಕೇಳಿದಳು. "ನಾನೇ." "ಪರವಾಗಿಲ್ಲ," ಎಂದಳು. ಅವಳ ಬಾಯಿಂದ ಪರವಾಗಿಲ್ಲ ಬಂದರೆ ಅದೇ ದೊಡ್ಡದು.

ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ ಅವರ ಮನೆ. ಒಂದರಲ್ಲಿ ಅವನ ಮರದ ಹೊಟ್ಟು, ಇನ್ನೊಂದರಲ್ಲಿ ಇವಳ ಟರ್ಪೆಂಟೈನ್ ವಾಸನೆ. ಕೆಲಸಕ್ಕೆ ಹೋಗುವ ಮುನ್ನ ಬೆಳಗಿನ ಎರಡು ಗಂಟೆ ಅವಳು ಬರೆಯುತ್ತಿದ್ದಳು. ವಾರ್ಷಿಕ ಚಿತ್ರ ಪ್ರದರ್ಶನಕ್ಕೆ ಮೂರು ವರ್ಷ ಕಳಿಸಿದಳು. ಮೂರು ವರ್ಷವೂ ಚಿತ್ರ ಹೋದ ದಾರಿಯಲ್ಲೇ ಮರಳಿ ಬಂತು. ನಾಲ್ಕನೇ ವರ್ಷ ಆಯ್ಕೆಯಾಯಿತು. ಗಂಡ ಹೆಂಡತಿ ಕುಣಿದಾಡಿದರು. ಉದ್ಘಾಟನೆಯ ದಿನ ಹೋಗಿ ಒಂದೊಂದೇ ಸಭಾಂಗಣ ಹುಡುಕಿದರು. ಎಲ್ಲೂ ಇಲ್ಲ. ಕೊನೆಗೆ ಸಿಕ್ಕಿತು, ಹಿಂದಿನ ಓಣಿಯಲ್ಲಿ, ಹೆಂಗಸರ ಶೌಚಾಲಯದ ಬಾಗಿಲ ಪಕ್ಕ.

ಗುಂಡಿಯ ಮುಖ ಚಿಕ್ಕದಾಯಿತು. ಬಲಗಣ್ಣಿನವನು ಮಾತ್ರ ಕೈಕಟ್ಟಿ ನಿಂತು ಸುತ್ತ ನೋಡಿ, "ಇದೇ ಒಳ್ಳೇ ಜಾಗ," ಎಂದ.

"ಗೇಲಿ ಮಾಡ್ತೀರಾ?"

"ಇಲ್ಲ, ನೋಡು. ಒಳಗೆ ಒಂದೊಂದು ಚಿತ್ರದ ಮುಂದೆ ಜನ ನಾಲ್ಕು ಕ್ಷಣ ನಿಲ್ತಾರೆ. ಇಲ್ಲಿ ಸಾಲು ಎಷ್ಟುದ್ದ ಇದೆ!"

ಅವನೆಂದದ್ದು ಸುಳ್ಳಾಗಲಿಲ್ಲ. ಸಾಲಿನಲ್ಲಿ ನಿಂತವರಿಗೆ ನೋಡಲು ಬೇರೇನೂ ಇರಲಿಲ್ಲ. ಬಸ್ಸಿನ ಕೊನೆಯ ಸೀಟಿನಲ್ಲಿ ಒಬ್ಬರ ಭುಜಕ್ಕೊಬ್ಬರು ಒರಗಿ ನಿದ್ದೆಹೋದ ಐವರು ಕೆಲಸಗಾರರನ್ನು ಗುಂಡಿ ಬರೆದಿದ್ದಳು. ಹಾಗೆ ಸಾಲಿನಲ್ಲಿ ಕಾಲು ಗಂಟೆ ನಿಂತವರಲ್ಲಿ ಮೂಳೆ ಆಸ್ಪತ್ರೆಯ ಹಿರಿಯ ವೈದ್ಯೆಯೂ ಒಬ್ಬರು. ಅವರು ಒಳಗೆ ಹೋಗಿ ಬಂದು ಮತ್ತೆ ನಿಂತು ನೋಡಿದರಂತೆ. ಮರುವಾರ ಗುಂಡಿಗೆ ಕರೆ ಬಂತು: ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಅರವತ್ತು ಅಡಿ ಉದ್ದದ ಗೋಡೆ ಖಾಲಿಯಿದೆ, ಏನಾದರೂ ಬರೆಯುತ್ತೀರಾ?

"ನನ್ನ ಮನಸ್ಸಲ್ಲಿ ಜಲಪಾತ ಇದೆ," ಎಂದರು ವೈದ್ಯೆ. "ಎರಡು ಜಿಂಕೆ, ಸೂರ್ಯೋದಯ."

ಗುಂಡಿ ಕೋಣೆ ನೋಡಿದಳು. ಕೈಗೆ ಜೋಳಿಗೆ ಕಟ್ಟಿಕೊಂಡವರು, ಊರುಗೋಲು ಗೋಡೆಗೆ ಒರಗಿಸಿದವರು, ಕಾಲಿಗೆ ಬೆಳ್ಳನೆಯ ಪ್ಲಾಸ್ಟರ್ ಹಾಕಿಸಿಕೊಂಡು ಕುರ್ಚಿಯ ಮೇಲೆ ಚಾಚಿದವರು. ಜಿಂಕೆ ಇವರ ಮುಂದೆ ಕುಣಿದರೆ ಉರಿದುಬೀಳುವುದಿಲ್ಲವೇ ಎನ್ನಿಸಿತು. "ಎರಡು ವಾರ ಕೊಡಿ ಡಾಕ್ಟ್ರೇ. ಒಂದು ಮೂಲೆಯಲ್ಲಿ ಬರೆದು ತೋರಿಸ್ತೀನಿ. ಬೇಡ ಅಂದ್ರೆ ನಾನೇ ಬಿಳಿ ಬಣ್ಣ ಬಳಿದು ಹೋಗ್ತೀನಿ," ಎಂದಳು.

ಕಾರ್ಖಾನೆಗೆ ರಜೆ ಹಾಕಿ, ಹಾಳೆ ಹಿಡಿದು ಕಾಯುವವರ ನಡುವೆ ಕೂತಳು. ಒಬ್ಬೊಬ್ಬರನ್ನೂ ಕೇಳಿದಳು: "ವಾಸಿ ಆದ ಮೇಲೆ ಮೊದಲು ಏನು ಮಾಡ್ತೀರಿ?" ಮಣಿಕಟ್ಟು ಮುರಿದ ಬಡಗಿ, ಅರ್ಧಕ್ಕೆ ಬಿಟ್ಟ ತೊಟ್ಟಿಲು ಮುಗಿಸುತ್ತೇನೆ ಎಂದ. ಎಪ್ಪತ್ತರ ಅಜ್ಜಿಯೊಬ್ಬಳು, "ನನ್ನನ್ನ ಬಿಟ್ಟು ಹೋದ ಬಸ್ಸನ್ನ ಓಡಿಹೋಗಿ ಹಿಡೀತೀನಿ," ಎಂದಳು. ಸೊಂಟ ಹಿಡಿದ ಅಂಚೆಯವನಿಗೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಬೇಕಿತ್ತು. ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡ ದಪ್ಪ ಮನುಷ್ಯನೊಬ್ಬ ಯೋಚಿಸಿ, "ಕೆರ್ಕೋತೀನಮ್ಮಾ. ಅರ್ಧ ದಿನ ಕೂತು ಕೆರ್ಕೋತೀನಿ. ಆಮೇಲೆ ಮಿಕ್ಕಿದ್ದು," ಎಂದ. ಕೋಣೆಯಿಡೀ ನಕ್ಕಿತು.

ಗುಂಡಿ ಅದನ್ನೇ ಗೋಡೆಗೆ ಏರಿಸಿದಳು. ಬಸ್ಸಿನ ಹಿಂದೆ ಗಾಳಿಯಂತೆ ಓಡುವ ಅಜ್ಜಿ. ಪಕ್ಕದಲ್ಲಿ ಬರಿಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಅರೆಮುಚ್ಚಿ, ಸ್ವರ್ಗಸುಖದಲ್ಲಿ ಕೆರೆದುಕೊಳ್ಳುವ ಮನುಷ್ಯ. ಎರಡು ವಾರ ಮುಗಿದ ದಿನ ವೈದ್ಯೆ ಬಂದು ನಿಂತರು. ಅವರು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಕೂತಿದ್ದ ಅಜ್ಜಿ ಊರುಗೋಲೆತ್ತಿ, "ಡಾಕ್ಟ್ರೇ, ಅದು ನಾನು!" ಎಂದು ಕೂಗಿದಳು. ವೈದ್ಯೆ ಗೋಡೆಯನ್ನೂ ಅಜ್ಜಿಯನ್ನೂ ಎರಡೆರಡು ಸಲ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, "ಜಿಂಕೆ ಬೇಡ ಬಿಡಿ," ಎಂದರು.

ಗೋಡೆ ತುಂಬಲು ಐದು ತಿಂಗಳು ಹಿಡಿಯಿತು. ಬಲಗಣ್ಣಿನವನು ಸಂಜೆ ಸಂಜೆ ಬಂದು ಏಣಿ ಹಿಡಿದ, ಬಣ್ಣ ಕಲಸಿಕೊಟ್ಟ. ಕಾಯುವವರು ಗಡಿಯಾರ ನೋಡುವುದು ಬಿಟ್ಟು ಸಲಹೆ ಕೊಡತೊಡಗಿದರು. ಬಸ್ಸಿಗೆ ಕಂಡಕ್ಟರ್ ಬೇಕು ಎಂದು ಒಬ್ಬರು, ತೊಟ್ಟಿಲಿಗೆ ಇನ್ನಷ್ಟು ಅಗಲ ಬೇಕು ಎಂದು ಬಡಗಿ. ಪ್ಲಾಸ್ಟರ್ ಬಿಚ್ಚಿಸಲು ಬಂದ ದಪ್ಪ ಮನುಷ್ಯ ತನ್ನ ಚಿತ್ರದ ಕೆಳಗೇ ಕೂತು, ಎಲ್ಲರ ಚಪ್ಪಾಳೆಯ ನಡುವೆ ಮನಸಾರೆ ಕೆರೆದುಕೊಂಡ. ಅದಾದ ಮೇಲೆ ಗುಂಡಿಗೆ ಇನ್ನೂ ಎರಡು ಆಸ್ಪತ್ರೆಗಳಿಂದ, ಒಂದು ರೈಲು ನಿಲ್ದಾಣದಿಂದ ಕರೆ ಬಂತು. ಕಾರ್ಖಾನೆಯಲ್ಲಿ ಎಡಗಣ್ಣಿಗೆ ಬೇರೆಯವರು ಬಂದರು. ಹೊಸಬಳ ಜೊತೆ ಕಣ್ಣು ಕೂಡಿಸಲು ತನಗೆ ಮೂರು ತಿಂಗಳು ಬೇಕಾಯಿತು ಎಂದು ಬಲಗಣ್ಣಿನವನು ಇಂದಿಗೂ ದೂರುತ್ತಾನೆ.

ಗೋಡೆ ಮುಗಿದ ಮರುತಿಂಗಳು ದೊಡ್ಡಮ್ಮನಿಗೆ ಮಂಡಿನೋವು ಬಂತು. ಯಾರನ್ನೂ ಕರೆಯದೆ ಒಬ್ಬಳೇ ಆಸ್ಪತ್ರೆಗೆ ಹೋಗಿ ಚೀಟಿ ತೆಗೆದುಕೊಂಡು ಕೂತಳು. ನಲವತ್ತೊಂದನೇ ನಂಬರು. ತಾನು ಯಾರೆಂದು ಹೇಳಿಕೊಳ್ಳಬಾರದು ಎಂದು ಬಾಯಿಗೆ ಬೀಗ ಹಾಕಿಕೊಂಡೇ ಬಂದಿದ್ದಳಂತೆ. ಅರ್ಧ ಗಂಟೆ ಹಾಗೇ ಇದ್ದಳು. ಆಮೇಲೆ ಪಕ್ಕದ ಹೆಂಗಸು ತನ್ನ ಗಂಡನಿಗೆ, "ಇದನ್ನ ಬರೆದೋರು ಯಾರೋ ಹೊರದೇಶದೋರಂತೆ," ಎಂದದ್ದು ಕಿವಿಗೆ ಬಿತ್ತು.

"ಹೊರದೇಶ ಯಾಕಾಗುತ್ತೆ?" ಎಂದಳು ದೊಡ್ಡಮ್ಮ. "ನನ್ನ ಮನೇಲಿ, ನನ್ನ ಮೇಜಿನ ಕೆಳಗೆ ಬೆಳೆದೋಳು!"

ಅಲ್ಲಿಂದ ಮಾತು ಕಟ್ಟೆಯೊಡೆಯಿತು. ಕಂದು ಕಾಗದದ ಬೆಕ್ಕು, ಮೀಸೆಯ ಕಾವಲುಗಾರ, ರಬ್ಬರ್ ಮೇಷ್ಟ್ರು, ಎಲ್ಲ ಬಂದರು. ಎದುರು ಸಾಲಿನವರು ಕುರ್ಚಿ ತಿರುಗಿಸಿಕೊಂಡು ಕೂತರು. ನರ್ಸು ಬಾಗಿಲಲ್ಲಿ ನಿಂತು, "ನಲವತ್ತೊಂದು! ನಲವತ್ತೊಂದು!" ಎಂದು ಮೂರು ಸಲ ಕೂಗಿ, ಯಾರೂ ಏಳದ್ದರಿಂದ ನಲವತ್ತೆರಡನ್ನು ಕರೆದಳು. ನಲವತ್ತೆರಡನೆಯವರೂ ಏಳಲಿಲ್ಲ. ಅವರು ಗೊಂಬೆ ಕಾರ್ಖಾನೆಯ ಕತೆಯ ಅರ್ಧದಲ್ಲಿದ್ದರು.

ಸಂಜೆ ವಿಷಯ ತಿಳಿದು ಗುಂಡಿ ತಲೆ ಚಚ್ಚಿಕೊಂಡಳು. "ಡಾಕ್ಟ್ರನ್ನ ನೋಡದೇ ವಾಪಸ್ ಬಂದ್ಯಾ ದೊಡ್ಡಮ್ಮ? ಮಂಡಿ ಗತಿ ಏನು?"

"ಮಂಡಿ ಎಲ್ಲಿಗೂ ಓಡಿಹೋಗಲ್ಲ ಬಿಡು," ಎಂದು ದೊಡ್ಡಮ್ಮ ನಾಳೆಗೆ ತೊಡುವ ಅಂಗಿಯನ್ನು ಇಸ್ತ್ರಿಮೇಜಿನ ಮೇಲೆ ಹರಡಿದಳು. "ನಾಳೆ ಮತ್ತೆ ಹೋಗ್ತೀನಿ. ಪಾಪ, ಅವರಿಗೆ ನಿನ್ನ ಮದುವೆ ವಿಷಯ ಹೇಳಿಯೇ ಇಲ್ಲ."